ಮೂರು ಫೀತಿಯ ಹೊಣೆ: ಅಗ್ನಿವೀರರ ಕಾಲದಲ್ಲಿ ಹವಾಲ್ದಾರನ ನಿಯತ್ತು

ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಮೊನ್ನೆ ಒಬ್ಬ ರೈತರು, ಸೈನ್ಯದಲ್ಲಿ ಹವಾಲ್ದಾರನಾಗಿದ್ದ ನನ್ನ ಕಾಕಾನನ್ನು ಕೈಹಿಡಿದು ಕೂಡಿಸಿಕೊಂಡರು. ಅವರ ಮಗ ಅಗ್ನಿವೀರನಾಗಿ ಸೇರಿ ಮೂರು ವರ್ಷ ದಾಟಿದೆ.

"ಹವಾಲ್ದಾರ್ರ, ನಾಕ್ ವರ್ಷ ತುಂಬಿದ ಮ್ಯಾಲ ಹುಡುಗನ್ನ ಇಟ್ಕೊಳ್ಳೋದೋ ಮನಿಗಿ ಕಳಸೋದೋ ಅಂತ ಯಾರ್ ಬರೀತಾರ್ರಿ?"

ಕಾಕಾ ಬಸಿಯಲ್ಲಿನ ಚಹಾ ಊದುತ್ತ ಹೇಳಿದ: "ಬರಿಯಾವ್ರು ಸಾಹೇಬ್ರು, ಗೌಡ್ರ. ಆದ್ರ ಬರಿಯೂಕಿಂತ ಮೊದಲ ಸಾಹೇಬ್ರು ಹವಾಲ್ದಾರನ್ನ ಕೇಳ್ತಾರ."

ಅಗ್ನಿಪಥದ ಬಗ್ಗೆ ನಮ್ಮ ಭಾಗದಲ್ಲಿ ಆಗಿರುವ ಚರ್ಚೆಯೆಲ್ಲ ದುಡ್ಡು ಮತ್ತು ಪಿಂಚಣಿಯ ಸುತ್ತಲೇ ತಿರುಗಿದೆ. ಅದು ಸಹಜ. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ಈ ಯೋಜನೆಯಲ್ಲಿ ಹುಡುಗರು ಅಗ್ನಿವೀರರಾಗಿ ನಾಲ್ಕು ವರ್ಷಕ್ಕೆ ಸೈನ್ಯ ಸೇರುತ್ತಾರೆ. ಕೊನೆಗೆ ಒಂದು ತಂಡದ ಶೇ. 25ರಷ್ಟು ಮಂದಿಯನ್ನು ಮಾತ್ರ ಕಾಯಂ ಮಾಡಿಕೊಳ್ಳುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಹಿಡಿದು ಊರಿಗೆ ಬರುತ್ತಾರೆ. ಭೂಸೇನೆಯ ಮೊದಲ ತಂಡ ತರಬೇತಿಗೆ ನಿಂತದ್ದು 2023ರ ಜನವರಿ ಹೊತ್ತಿಗೆ. ಅಂದರೆ ಅವರ ಲೆಕ್ಕ ಚುಕ್ತಾ ಆಗುವುದು 2026ರ ಕೊನೆ, 2027ರ ಆರಂಭಕ್ಕೆ. ಮರಳಿ ಬರುವ ಮುಕ್ಕಾಲು ಪಾಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಉಳಿದುಕೊಳ್ಳುವ ಕಾಲು ಪಾಲಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನಾಳೆಯ ನಾಯಕ್, ಹವಾಲ್ದಾರ್, ಸುಬೇದಾರರು ಆಗುವವರು ಅವರೇ. ಅವರನ್ನು ಆರಿಸುವ ಮಾತಿನ ಮೊದಲ ಎಳೆ ಹೊರಡುವುದು ಇವತ್ತಿನ ಹವಾಲ್ದಾರನ ಬಾಯಿಂದ. ಆ ಬಾಯಿ ಎಷ್ಟು ಸಾಚಾ ಅನ್ನುವುದೇ ಈ ಲೇಖನದ ವಿಷಯ.

ಹವಾಲ್ದಾರ್ ಅನ್ನುವ ಪದ ನಮಗೆ ಪರಕೀಯವೇನಲ್ಲ. "ಕೀಲಿಕೈ ಅವನ ಹವಾಲೆ ಮಾಡಿ ಬಂದೆ" ಅನ್ನುತ್ತೇವಲ್ಲ, ಅದೇ ಹವಾಲೆ. ಪಾರಸಿ ಮೂಲದ ಈ ಶಬ್ದದ ಅರ್ಥ, ತನ್ನ ವಶಕ್ಕೆ ಒಪ್ಪಿಸಿದ್ದನ್ನು ಕಾಯುವವ. ಸೈನ್ಯದಲ್ಲಿ ಅವನ ಹವಾಲೆಗೆ ಬರುವುದು ಸುಮಾರು ಹತ್ತು ಜನರ ಒಂದು ಸೆಕ್ಷನ್. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್ ಆಗಿ, ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ ತೋಳಿಗೆ ಮೂರನೇ ಫೀತಿ ಬರುತ್ತದೆ. ಅವನ ಮೇಲೆ ಜೆಸಿಓಗಳು, ಅಂದರೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಅವರ ಮೇಲೆ ಕಮಿಷನ್ ಪಡೆದ ಅಧಿಕಾರಿಗಳು. ಬೇರೆ ದೇಶಗಳ ಸೈನ್ಯದಲ್ಲಿ ಇವನಿಗೆ ಸಾರ್ಜಂಟ್ ಅನ್ನುತ್ತಾರೆ. ನಮ್ಮ ವಾಯುಪಡೆಯಲ್ಲೂ ಸಾರ್ಜಂಟ್ ಎಂದೇ ಹೆಸರು, ತೋಳಿನ ಮೇಲೆ ಅಲ್ಲಿಯೂ ಮೂರೇ ಪಟ್ಟಿ.

ಬೆಳಗಾವಿಯವರಿಗೆ ಇದೆಲ್ಲ ಹಿತ್ತಲ ಮಾತು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವುದು ಇಲ್ಲಿಯೇ. ಅದರ ಮೊದಲ ಬಟಾಲಿಯನ್ 'ಜಂಗಿ ಪಲ್ಟನ್' 1768ರಲ್ಲಿ ಹುಟ್ಟಿದ್ದು. ಇನ್‌ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಇಲ್ಲಿದೆ. ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ಟ್ರೇನಿಂಗ್ ಸ್ಕೂಲ್ ಇದೆ. ಅತ್ತ ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ, ಆದರೆ ಅದು ಮುಖ್ಯವಾಗಿ ಅಧಿಕಾರಿಗಳಾಗುವ ಮಕ್ಕಳನ್ನು ಅಣಿಗೊಳಿಸುವ ಶಾಲೆ. ಹವಾಲ್ದಾರನಿಗೆ ಅಂಥ ಬಾಲ್ಯದ ಶಾಲೆಯಿಲ್ಲ. ಅವನು ತಯಾರಾಗುವುದು ಬ್ಯಾರಕ್ಕಿನಲ್ಲಿ, ತನಗಿಂತ ಮೊದಲಿನ ಹವಾಲ್ದಾರನನ್ನು ನೋಡುತ್ತ. ಒಳ್ಳೆಯವನನ್ನು ನೋಡಿದರೆ ಒಳ್ಳೆಯದು, ಕೆಟ್ಟವನನ್ನು ನೋಡಿದರೆ ಅದೂ ಅಷ್ಟೇ ಸಲೀಸಾಗಿ ಇಳಿದು ಬರುತ್ತದೆ.

ಸೈನಿಕರ ನೀತಿ ಅಂದಕೂಡಲೇ ನಮ್ಮ ತಲೆಗೆ ಬರುವುದು ಯುದ್ಧ, ಬಲಿದಾನ, ತಿರಂಗಾ ಹೊದಿಸಿದ ಪೆಟ್ಟಿಗೆ. ಕಾಕಾನ ಟ್ರಂಕಿನಲ್ಲಿರುವ ಒಂದು ನೋಟುಬುಕ್ಕು ನನಗೆ ಬೇರೆಯೇ ಕಥೆ ಹೇಳಿತು.

ಅಂಗೈ ಅಗಲದ, ಬೆವರಿಗೆ ರಟ್ಟು ಉಬ್ಬಿದ ಪುಸ್ತಕ. ಪ್ರತಿ ಪುಟದಲ್ಲೂ ಪೆನ್ಸಿಲ್ಲಿನಿಂದ ಗೆರೆ ಎಳೆದು ಮಾಡಿದ ನಾಲ್ಕು ಖಾನೆ: ಹೆಸರು, ಊರು, ಹೋದ ದಿನ, ಕಾರಣ. ಅದು ರಜೆಯ ಲೆಕ್ಕ. ಕಾಯಂ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಕಾಗದದ ಮೇಲೆ ಎಲ್ಲರಿಗೂ ಸಮ. ಆದರೆ ಗಣೇಶ ಚೌತಿಗೆ ಎಲ್ಲರಿಗೂ ಮನೆ ಬೇಕು, ಬಿಡುವುದು ಇಬ್ಬರನ್ನು ಮಾತ್ರ. ಸವದತ್ತಿ ಯಲ್ಲಮ್ಮನ ಭಾರತ ಹುಣ್ಣಿಮೆಗೆ ಒಬ್ಬನ ಅವ್ವ ಹರಕೆ ಹೊತ್ತಿರುತ್ತಾಳೆ, ಅದೇ ವಾರ ಇನ್ನೊಬ್ಬನ ಹೆಂಡತಿಗೆ ಹೆರಿಗೆ ಇರುತ್ತದೆ, ಮೂರನೆಯವನು ಹವಾಲ್ದಾರನ ಊರಿನವನೇ, ಸಂಬಂಧದಲ್ಲಿ ಬೀಗನೂ ಹೌದು. ಹೆಸರು ಸೂಚಿಸುವುದು ಹವಾಲ್ದಾರ. ಮೇಲಿನವರು ಬಹಳ ಸಲ ಹಾಗೇ ಸಹಿ ಹಾಕುತ್ತಾರೆ.

ಒಂದು ಪುಟದಲ್ಲಿ ಒಂದೇ ಹೆಸರು ಮೂರು ಸಲ ಬಂದು ಮೂರು ಸಲವೂ ಅಡ್ಡಗೆರೆ ಹೊಡೆಸಿಕೊಂಡಿತ್ತು. "ಇವ ಯಾರು ಕಾಕಾ?" ಅಂದೆ.

"ನನ್ನ ಸೋದರತ್ತಿ ಮಗ. ಬ್ಯಾರೆ ಮಂದಿ ಏನಂದಾರು ಅಂತ ಅವನ ಹೆಸರು ಪ್ರತಿ ಸಲ ಹಿಂದ ಹಾಕ್ದೆ. ಅವರಪ್ಪ ಸತ್ತಾಗ ಅವ ಬಾರ್ಡರ್‌ನ್ಯಾಗ ಇದ್ದ."

ಪಕ್ಷಪಾತ ಅಂದರೆ ತನ್ನವರಿಗೆ ಹೆಚ್ಚು ಕೊಡುವುದು ಎಂದಷ್ಟೇ ನಾವು ತಿಳಿದಿದ್ದೇವೆ. ತನ್ನವರಿಗೆ ಬೇಕೆಂದೇ ಕಡಿಮೆ ಕೊಟ್ಟು ಒಳ್ಳೆಯವ ಅನಿಸಿಕೊಳ್ಳುವುದೂ ಪಕ್ಷಪಾತವೇ ಎಂದು ಆ ಅಡ್ಡಗೆರೆಗಳು ಹೇಳುತ್ತಿದ್ದವು. ಕಾಕಾ ಅದನ್ನು ಇಂದಿಗೂ ಮರೆತಿಲ್ಲ. ಆ ಅತ್ತೆಯ ಮನೆಯವರು ಇವತ್ತಿಗೂ ನಮ್ಮ ಮನೆಯ ಕಾರ್ಯಗಳಿಗೆ ಬರುವುದಿಲ್ಲ.

ರಜೆಯ ಪಟ್ಟಿ ಸಣ್ಣದು ಎಂದು ತಳ್ಳಿಹಾಕುವಂತಿಲ್ಲ. ಹತ್ತು ಜನ ಹಗಲೂ ರಾತ್ರಿ ಒಬ್ಬನನ್ನೇ ನೋಡುತ್ತಿರುತ್ತಾರೆ. ಲಂಗರಿನಲ್ಲಿ, ಅಂದರೆ ಊಟದ ಮನೆಯಲ್ಲಿ, ಅವನು ಮೊದಲು ತಟ್ಟೆ ಹಿಡಿಯುತ್ತಾನೋ ಕೊನೆಗೋ, ಕೊರೆಯುವ ಚಳಿಯಲ್ಲಿ ನಸುಕಿನ ಎರಡು ಗಂಟೆಯ ಸಂತ್ರಿ ಡ್ಯೂಟಿಗೆ ಪದೇ ಪದೇ ಯಾರ ಹೆಸರು ಬರುತ್ತದೆ, ಸಾಹೇಬರ ಎದುರು ತಪ್ಪನ್ನು ಯಾರ ತಲೆಗೆ ಕಟ್ಟುತ್ತಾನೆ. ಗುಂಡು ಹಾರುವ ದಿನ "ಏಳು, ಮುಂದ ನಡಿ" ಎಂದಾಗ ಅವರು ಏಳುವುದು ಈ ಲೆಕ್ಕದ ಮೇಲೆ. ರಾಷ್ಟ್ರಪತಿಗಳ ಸಹಿಯ ಕಮಿಷನ್ ಹವಾಲ್ದಾರನ ಬಳಿ ಇಲ್ಲ. ಅವನ ಬಳಿ ಇರುವ ಬಂಡವಾಳ ಇಷ್ಟೇ.

ಮರಾಠಾ ಲೈಟ್ ಇನ್‌ಫೆಂಟ್ರಿಯ ಯಶವಂತ ಘಾಡ್ಗೆ ಹೆಸರು ಬೆಳಗಾವಿ ಸೆಂಟರಿನಲ್ಲಿ ತಯಾರಾದ ಪ್ರತಿ ರಂಗರೂಟನಿಗೂ, ಅಂದರೆ ಹೊಸ ಸಿಪಾಯಿಗೂ ಗೊತ್ತು. 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ಅವರ ಸೆಕ್ಷನ್ ಮೆಷಿನ್‌ಗನ್ನಿಗೆ ಎದುರಾಯಿತು. ಕಮಾಂಡರ್ ಆಗಿದ್ದ ಘಾಡ್ಗೆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ನಾಯಕ್ ಘಾಡ್ಗೆ ಒಬ್ಬರೇ ನುಗ್ಗಿ ಆ ಠಾಣೆಯನ್ನು ಮುಗಿಸಿದರು, ಅಲ್ಲಿಯೇ ಗುಂಡಿಗೆ ಬಿದ್ದರು. ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು. ಈ ಕಥೆಯನ್ನು ನಾವು ಧೈರ್ಯದ ಕಥೆಯಾಗಿ ಹೇಳುತ್ತೇವೆ, ಸರಿ. ಆದರೆ ಅಲ್ಲಿ ತನಕ ಆ ಸೆಕ್ಷನ್ ಅವರ ಹಿಂದೆ ಬಂದಿತ್ತಲ್ಲ, ಅದರ ಕಥೆ ಯಾರೂ ಬರೆದಿಲ್ಲ. ಅದು ಪದಕ ಸಿಗುವಂಥ ಕಥೆಯೂ ಅಲ್ಲ.

ಇನ್ನೊಂದು ಹೆಸರು ನನಗೆ ಇದಕ್ಕಿಂತ ಹತ್ತಿರ: 1965ರ ಸೆಪ್ಟೆಂಬರಿನಲ್ಲಿ ಖೇಮಕರಣದ ಹೊಲಗಳಲ್ಲಿ ಜೀಪಿನ ಮೇಲಿನ ಗನ್ನಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಡೆದ ಅಬ್ದುಲ್ ಹಮೀದ್. ಪರಮವೀರ ಚಕ್ರ ಪಡೆದ ಅವರ ಹುದ್ದೆ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ಕಂಬಳಿ, ಬೂಟು, ರೇಷನ್ನು ಎಣಿಸುವ ಸ್ಟೋರಿನ ಹುದ್ದೆ ಅದು.

ಸ್ಟೋರಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಹವಾಲ್ದಾರನ ನಿಯತ್ತಿಗೆ ನಿಜವಾದ ಸವಾಲು ಇರುವುದು ಶತ್ರುವಿನ ಎದುರಲ್ಲ, ಲೆಡ್ಜರಿನ ಎದುರು ಎಂದು ನನಗೆ ಅನಿಸಿದ್ದು ಕಾಕಾ ಹೇಳಿದ ಕಂಬಳಿಗಳ ಕಥೆಯಿಂದ. ಯಾವ ಘಟಕ ಅನ್ನುವುದು ಇಲ್ಲಿ ಬೇಡ. ಆಗ ಅವನು ಇನ್ನೂ ನಾಯಕ್. ಇನ್ಸ್‌ಪೆಕ್ಷನ್ ಹಿಂದಿನ ರಾತ್ರಿ ಎಣಿಸಿದರೆ ಆರು ಕಂಬಳಿ ಕಡಿಮೆ. ಸ್ಟೋರಿನ ಹವಾಲ್ದಾರ ಸುಮ್ಮನೆ ಪಕ್ಕದ ಕಂಪನಿಯ ಕಡೆ ಕೈ ತೋರಿಸಿದ. ಕಾಕಾ ಕತ್ತಲಲ್ಲಿ ಹೋಗಿ ಆರು ಕಂಬಳಿ ಹೊತ್ತು ತಂದ. ಮರುದಿನ ಲೆಕ್ಕ ಸರಿಯಾಯಿತು. ಅದರ ಮರುದಿನ ಪಕ್ಕದವರ ಪಾಳಿ, ಅದೇ ಆರು ಕಂಬಳಿ ಮತ್ತೆ ಕಾಕಾನ ಹೆಗಲೇರಿ ಹೋದವು. "ಆರ ಕಂಬಳಿ ತಮ್ಮಾ, ಎರಡ ಕಂಪನಿ ಲೆಕ್ಕದಾಗ ಇದ್ವು. ಚಳಿಗಾಲ ಬಂದಾಗ ಮೈಮ್ಯಾಲ ಹೊಚ್ಚಕೊಳ್ಳೂದಕ್ಕ ಯಾವ ಲೆಕ್ಕದಾಗೂ ಇರಲಿಲ್ಲ."

ಇದರಲ್ಲಿ ಕಳ್ಳ ಯಾರು? ಯಾರೂ ಒಂದು ಕಂಬಳಿಯನ್ನೂ ಮಾರಿಕೊಂಡಿರಲಿಲ್ಲ. ಹಳೆಯವು ಹರಿದಿದ್ದವು, ಕೆಲವು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವಾಗ ಕಳೆದಿದ್ದವು. ಕಡಿಮೆ ಇದೆ ಎಂದು ಬರೆದರೆ ವಿಚಾರಣೆ, ಕಾಗದ, ಮೇಲಿನವರ ಮುನಿಸು. ಬರೆಯದಿದ್ದರೆ ಎಲ್ಲರೂ ಸುಖ. ಎಲ್ಲ ದೊಡ್ಡ ಸೈನ್ಯಗಳಿಗೂ ಇರುವ ಬೇನೆ ಇದು. 2015ರಲ್ಲಿ ಅಮೆರಿಕದ ಆರ್ಮಿ ವಾರ್ ಕಾಲೇಜಿನ ಇಬ್ಬರು ಅಧ್ಯಾಪಕರು ತಮ್ಮದೇ ಸೈನ್ಯದ ಅಧಿಕಾರಿಗಳ ಜೊತೆ ಮಾತಾಡಿ ಬರೆದ ವರದಿಯಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಮೇಲಿನಿಂದ ಬರುವ ಕಡ್ಡಾಯಗಳು ಇರುವ ದಿನಗಳಲ್ಲಿ ಮುಗಿಯುವಂತಿಲ್ಲ, ಆದರೂ ಮುಗಿದಿದೆ ಎಂದು ಸಹಿ ಮಾಡಲೇಬೇಕು, ಸಹಿ ಮಾಡುತ್ತ ಮಾಡುತ್ತ ಅದು ಸುಳ್ಳು ಅನ್ನಿಸುವುದೇ ನಿಂತುಹೋಗುತ್ತದೆ. ತಾನು ಸತ್ಯವಂತ ಎಂಬ ನಂಬಿಕೆ ಮಾತ್ರ ಹಾಗೇ ಉಳಿದಿರುತ್ತದೆ.

ಮುಂದೆ ತಾನೇ ಸ್ಟೋರಿನ ಹವಾಲ್ದಾರನಾದಾಗ ಕಾಕಾ ಕಡಿಮೆ ಇದ್ದದ್ದನ್ನು ಕಡಿಮೆ ಎಂದೇ ಬರೆದ. ಕೋರ್ಟ್ ಆಫ್ ಇನ್ಕ್ವೈರಿ ಆಯಿತು, ವಾರಗಟ್ಟಲೆ ಹೇಳಿಕೆ ಬರೆಸಿದರು, ಸಾಹೇಬರು ಮಾತು ಬಿಟ್ಟರು. "ಮತ್ತೊಮ್ಮೆ ಹಂಗ ಬರೀತಿದ್ದೇನು?" ಎಂದು ಕೇಳಿದರೆ ನೇರ ಉತ್ತರ ಬರಲಿಲ್ಲ. "ಸಾಹೇಬ್ರ ಮ್ಯಾಲ ಅವಲಂಬ್ಸಿರ್ತದ" ಅಂದ. ನನಗೆ ಆ ಉತ್ತರ ಹಿಡಿಸಿತು. ಕೆಳಗಿನವನ ಸತ್ಯಕ್ಕೆ ಮೇಲಿನವನ ಕಿವಿಯೂ ಬೇಕು. ಭಾಷಣದಲ್ಲಿ ಹವಾಲ್ದಾರನಿಗೆ ಪ್ರಾಮಾಣಿಕತೆ ಬೋಧಿಸುವವರು ಈ ಅರ್ಧವನ್ನು ನುಂಗಿಬಿಡುತ್ತಾರೆ.

ವಾಯುಪಡೆಯಲ್ಲಿ ಇದೇ ಸಂಗತಿ ಇನ್ನೂ ಬರಿಗಣ್ಣಿಗೆ ಕಾಣುತ್ತದೆ. ವಿಮಾನ ಹಾರುವ ಮೊದಲು ಅದನ್ನು ತಪಾಸಣೆ ಮಾಡಿದ ತಂತ್ರಜ್ಞ, ಬಹಳ ಸಲ ಒಬ್ಬ ಕಾರ್ಪೋರಲ್ ಇಲ್ಲವೇ ಸಾರ್ಜಂಟ್, ದಾಖಲೆಯಲ್ಲಿ ಸಹಿ ಹಾಕುತ್ತಾನೆ. ಪೈಲಟ್ ಆ ಸಹಿ ನೋಡಿ ಹತ್ತುತ್ತಾನೆ, ನಟ್ಟು ಬೋಲ್ಟು ತಾನೇ ತಿರುಗಿಸಿ ನೋಡುವುದಿಲ್ಲ. ಕೆಲಸ ಮುಗಿದ ಮೇಲೆ ಸಲಕರಣೆ ಎಣಿಸಬೇಕು. ಒಂದು ಪಾನಾ ಕಡಿಮೆ ಬಿದ್ದರೆ, ಅದು ಇಂಜಿನ್ನಿನೊಳಗೆ ಉಳಿದಿಲ್ಲ ಎಂದು ಖಾತ್ರಿ ಆಗುವವರೆಗೆ ವಿಮಾನ ಏಳಬಾರದು. ಪಕ್ಕದ ಪೆಟ್ಟಿಗೆಯಿಂದ ಒಂದು ಪಾನಾ ಎರವಲು ತಂದಿಟ್ಟು ಎಣಿಕೆ ಸರಿದೂಗಿಸುವ ಚಾಲಾಕಿ ಇಲ್ಲಿ ನಡೆದರೆ ಆರು ಕಂಬಳಿಯಂತೆ ಮುಗಿಯುವುದಿಲ್ಲ. ಸಾಂಬ್ರಾದಲ್ಲಿ ಹದಿನೆಂಟು, ಇಪ್ಪತ್ತರ ಹುಡುಗ ಹುಡುಗಿಯರು ಪರೇಡು ಮಾಡುವುದನ್ನು ರಸ್ತೆಯಿಂದ ನೋಡುವ ನಮಗೆ ಅದು ಕೈಕಾಲಿನ ತಾಲೀಮು ಎನಿಸುತ್ತದೆ. ಕಲಿಯಬೇಕಾದ ಕಷ್ಟದ ಪಾಠವೆಂದರೆ, ತಡವಾಗಿದೆ, ಎಲ್ಲರೂ ಕಾಯುತ್ತಿದ್ದಾರೆ, ಆಗಲೂ "ಒಂದು ಕಡಿಮೆ ಐತ್ರಿ" ಎಂದು ಹೇಳುವುದು.

ಇನ್ನು ಹುಕುಂ. "ಮಿಲಿಟರಿಯಲ್ಲಿ ಹೇಳಿದ್ದು ಮಾಡಬೇಕು, ಎದುರು ಮಾತಿಲ್ಲ" ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಮಾತು, ಅದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ಕಸಮ್ ಪರೇಡಿನಲ್ಲಿ ರಂಗರೂಟ ತಗೊಳ್ಳುವ ಪ್ರಮಾಣದಲ್ಲಿ ಮೊದಲು ಬರುವುದು ಭಾರತದ ಸಂವಿಧಾನಕ್ಕೆ ನಿಷ್ಠೆ. ಮೇಲಧಿಕಾರಿಗಳ ಆಜ್ಞೆ ಪಾಲಿಸುವ ಮಾತು ಆಮೇಲೆ. ಸೇನಾ ಕಾಯ್ದೆ 1950ರ 41ನೇ ಕಲಂ ಆಜ್ಞೆ ಮೀರುವುದನ್ನು ಅಪರಾಧ ಅನ್ನುತ್ತದೆ, ಆದರೆ ಅಲ್ಲಿ ಇರುವ ಶಬ್ದ 'ಕಾನೂನುಬದ್ಧ ಆಜ್ಞೆ'. ಈ ಒಂದು ವಿಶೇಷಣದ ಮೇಲೆ ಎಷ್ಟೋ ಜೀವ ನಿಂತಿವೆ.

ಹೇಗೆ ಅಂದರೆ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು, ಅಂದರೆ ಆಫ್‌ಸ್ಪಾವನ್ನು ನೋಡಿ. ಬ್ರಿಟಿಷರು 1942ರಲ್ಲಿ ಇಂಥದೇ ಸುಗ್ರೀವಾಜ್ಞೆ ತಂದಾಗ ಗುಂಡು ಹಾರಿಸುವ ಅಧಿಕಾರವನ್ನು ಕ್ಯಾಪ್ಟನ್‌ಗಿಂತ ಕೆಳಗಿನವರಿಗೆ ಕೊಟ್ಟಿರಲಿಲ್ಲ. ಇವತ್ತಿನ ಕಾಯ್ದೆಯ 4ನೇ ಕಲಮಿನ ಪ್ರಕಾರ ಅದು ನಾನ್ ಕಮಿಷನ್ಡ್ ಆಫೀಸರ್ (ಎನ್‌ಸಿಓ) ತನಕ, ಅಂದರೆ ಹವಾಲ್ದಾರ, ನಾಯಕ್ ತನಕ ಇಳಿದಿದೆ. 'ಗಲಭೆಪೀಡಿತ' ಎಂದು ಘೋಷಿಸಿದ ಪ್ರದೇಶದಲ್ಲಿ, ಎಚ್ಚರಿಕೆ ಕೊಟ್ಟ ಮೇಲೆ, ಜೀವ ಹೋಗುವಷ್ಟರ ಮಟ್ಟಿಗೂ ಬಲ ಪ್ರಯೋಗಿಸಬಹುದು. ಸುಪ್ರೀಂ ಕೋರ್ಟ್ 1997ರಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು, ಜೊತೆಗೆ ಸೈನ್ಯದ 'ಮಾಡಬೇಕಾದ್ದು, ಮಾಡಬಾರದ್ದು' ಪಟ್ಟಿಯನ್ನು ಪಾಲಿಸಲೇಬೇಕು ಎಂದೂ ಹೇಳಿತು. ಆ ಪಟ್ಟಿ ದಿಲ್ಲಿಯಲ್ಲಿ ಅಚ್ಚಾಗುತ್ತದೆ. ಕಾಡಿನ ದಾರಿಯಲ್ಲಿ ಸಂಜೆಗತ್ತಲಲ್ಲಿ ಎದುರು ಬಂದ ಗಾಡಿಯಲ್ಲಿರುವವರು ಯಾರು ಎಂದು ತೀರ್ಮಾನಿಸಲು ಸಿಗುವ ಎರಡು ಸೆಕೆಂಡಿನಲ್ಲಿ ಅದನ್ನು ನೆನಪಿಡಬೇಕಾದವನು ಹತ್ತನೇ ತರಗತಿ, ಪಿಯುಸಿ ಓದಿ ಸೇರಿದ ನಮ್ಮ ಕಡೆಯ ಒಬ್ಬ ಹವಾಲ್ದಾರ.

ತಪ್ಪು ಹುಕುಂ ಬಂದಾಗ? 2010ರಲ್ಲಿ ಕಾಶ್ಮೀರದ ಮಾಛಿಲ್‌ನಲ್ಲಿ ಮೂವರು ಹಳ್ಳಿಯ ಯುವಕರನ್ನು ಉಗ್ರರೆಂದು ಕೊಂದ ಪ್ರಕರಣದಲ್ಲಿ ಕೋರ್ಟ್ ಮಾರ್ಷಲ್ ಜೀವಾವಧಿ ಶಿಕ್ಷೆ ವಿಧಿಸಿದ್ದು ಒಬ್ಬ ಕರ್ನಲ್, ಒಬ್ಬ ಕ್ಯಾಪ್ಟನ್‌ಗೆ ಮಾತ್ರವಲ್ಲ, ಕೆಳಗಿನ ದರ್ಜೆಯ ಜವಾನರಿಗೂ. 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆ ಶಿಕ್ಷೆಗಳನ್ನು ಅಮಾನತಿನಲ್ಲಿಟ್ಟಿತು, ಅದು ಬೇರೆ ಚರ್ಚೆ. ನನಗೆ ಬೇಕಾದ ಮಾತು ಇಷ್ಟು: "ಸಾಹೇಬರು ಹೇಳಿದರು" ಎಂಬುದು ಕೆಳಗಿನವನಿಗೆ ಕೊಡೆಯಾಗಿ ನಿಲ್ಲುತ್ತದೆ ಎನ್ನುವ ಭರವಸೆ ಕಾನೂನಿನಲ್ಲಿಲ್ಲ. ಹೇಳಿದವನೂ ಮಾಡಿದವನೂ ಒಂದೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಇರಾಕಿನ ಅಬು ಗ್ರೈಬ್ ಜೈಲಿನ ಪ್ರಕರಣವನ್ನು ಸೈನಿಕ ನೀತಿಯ ಪಾಠವಾಗಿ ಹೇಳುತ್ತಾರೆ. ಕೈದಿಗಳನ್ನು ಬೆತ್ತಲೆ ಮಾಡಿ ಹಿಂಸಿಸಿದ ರಾತ್ರಿ ಪಾಳಿಯ ಹೊಣೆ ಹೊತ್ತವನು ಅಮೆರಿಕದ ಸೈನ್ಯದ ಒಬ್ಬ ಸ್ಟಾಫ್ ಸಾರ್ಜಂಟ್. "ಸಾಕು" ಎನ್ನಬೇಕಾದ ಸ್ಥಾನ ಅವನದಾಗಿತ್ತು. ಅವನೇ ಅದರಲ್ಲಿ ಸೇರಿಕೊಂಡ, ಎಂಟು ವರ್ಷ ಜೈಲು ಶಿಕ್ಷೆಯಾಯಿತು. 2004ರ ಜನವರಿಯಲ್ಲಿ ಆ ಹಿಂಸೆಯ ಚಿತ್ರಗಳನ್ನು ತನಿಖಾಧಿಕಾರಿಗಳಿಗೆ ಮುಟ್ಟಿಸಿದ ಸೈನಿಕ ಜೋ ಡಾರ್ಬಿ ಸಾರ್ಜಂಟ್ ಕೂಡ ಆಗಿರಲಿಲ್ಲ, ಅದಕ್ಕಿಂತ ಕೆಳಗಿನವ. ಆಮೇಲೆ ಅವನ ಊರಿನವರಲ್ಲೇ ಎಷ್ಟೋ ಮಂದಿ ಅವನನ್ನು ದ್ರೋಹಿ ಎಂದರು.

ದ್ರೋಹಿ. ಈ ಶಬ್ದದ ಬಳಿ ಸ್ವಲ್ಪ ನಿಲ್ಲಬೇಕು. ನಮ್ಮ ಸೈನ್ಯದಲ್ಲಿ 'ನಾಮ್, ನಮಕ್, ನಿಶಾನ್' ಎಂಬ ಮಾತಿದೆ: ಪಲ್ಟನ್ನಿನ ಹೆಸರು, ಉಂಡ ಉಪ್ಪು, ಬಾವುಟ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದ ನಮ್ಮ ಹಳ್ಳಿಯ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ, ರಕ್ತದಲ್ಲಿದೆ. ಈ ಉಪ್ಪಿನ ಋಣ ಇಲ್ಲದೆ ಪಲ್ಟನ್ ನಿಲ್ಲುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅದೇ ಋಣ ತಪ್ಪು ಮುಚ್ಚಿಡಲೂ ಕೆಲಸಕ್ಕೆ ಬರುತ್ತದೆ. "ಪಲ್ಟನ್ನಿನ ಹೆಸರು ಕೆಡ್ತದ" ಎಂಬ ಒಂದು ಮಾತಿಗೆ ಎಷ್ಟೋ ದೂರುಗಳು ಹವಾಲ್ದಾರನ ಹಂತದಲ್ಲೇ ಅಡಗಿಹೋಗುತ್ತವೆ. ಉಪ್ಪು ಯಾರದು ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಅದು ಸಾಹೇಬರದಲ್ಲ, ಪಲ್ಟನ್ನಿನದೂ ಅಲ್ಲ, ಹೊಲದಲ್ಲಿ ಕಬ್ಬು ಕಡಿಯುವವನ ತೆರಿಗೆಯದು.

2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ಜವಾನನೊಬ್ಬ ಊಟ ಕಳಪೆ ಎಂದು ದೂರಿ ವಿಡಿಯೋ ಹಾಕಿದ, ಅದರ ಬೆನ್ನಿಗೆ ಸೈನ್ಯದ ಜವಾನರೊಬ್ಬರು ಅಧಿಕಾರಿಗಳ ಕೆಲಸಕ್ಕೆ ಜವಾನರನ್ನು ನೇಮಿಸುವ ಸಹಾಯಕ್ ಪದ್ಧತಿಯ ಬಗ್ಗೆ ದೂರಿ ವಿಡಿಯೋ ಮಾಡಿದರು. ದೇಶವಿಡೀ ಗದ್ದಲವಾಯಿತು. ಶಿಸ್ತು ಹೋಯಿತು ಅಂದರು ಕೆಲವರು, ಸತ್ಯ ಹೊರಬಂತು ಅಂದರು ಕೆಲವರು. ಸೇನಾ ಕಾಯ್ದೆಯ 26ನೇ ಕಲಂ ಪ್ರಕಾರ ಅನ್ಯಾಯವಾದ ಜವಾನ ತನ್ನ ಕಂಪನಿಯ ಅಧಿಕಾರಿಗೆ ದೂರಬಹುದು, ದೂರು ಆ ಅಧಿಕಾರಿಯ ಮೇಲೆಯೇ ಇದ್ದರೆ ಅವರ ಮೇಲಿನವರಿಗೆ. ತಿಂಗಳ ಸೈನಿಕ ಸಮ್ಮೇಳನದಲ್ಲಿ ಎದ್ದು ನಿಂತು ಕೇಳಬಹುದು. ದಾರಿ ಇದೆ. ಆದರೆ ಆ ದಾರಿಯ ಮೊದಲ ಬಾಗಿಲಲ್ಲಿ ಕೂತವನು ಹವಾಲ್ದಾರ. "ಯಾಕೋ, ಭಾಳ ಶಾಣ್ಯಾ ಆಗಿಯೇನು?" ಎಂದು ಅವನು ಒಂದು ಸಲ ಗದರಿದರೆ ಮುಗಿಯಿತು, ಹುಡುಗ ಮತ್ತೆ ಬಾಗಿಲು ತಟ್ಟುವುದಿಲ್ಲ. ಮೊಬೈಲು ತೆಗೆಯುತ್ತಾನೆ, ಇಲ್ಲವೇ ಒಳಗೇ ಕೊರಗುತ್ತಾನೆ.

ಹೊಡೆತದ ವಿಷಯದಲ್ಲಿ ನನಗೂ ಕಾಕಾನಿಗೂ ಇವತ್ತಿಗೂ ಜಗಳ. ತರಬೇತಿ ಕೊಡುವ ಉಸ್ತಾದರು ರಂಗರೂಟನಿಗೆ ರಗಡಾ ಕೊಡದಿದ್ದರೆ ಅವನು ಗುಂಡಿನ ಸದ್ದಿಗೇ ಓಡಿಹೋಗುತ್ತಾನೆ ಎಂದು ಅವನ ವಾದ. ಬಿಸಿಲಲ್ಲಿ ಓಡಿಸುವುದು, ತಲೆ ಮೇಲೆ ರೈಫಲ್ ಹಿಡಿಸಿ ಸುತ್ತಿಸುವುದು ತರಬೇತಿ ಎನ್ನಿ, ಒಪ್ಪೋಣ. ಕಪಾಳಕ್ಕೆ ಬಿಗಿಯುವುದು ತರಬೇತಿಯಲ್ಲ. ಅದೇ ಕಾಯ್ದೆಯ 47ನೇ ಕಲಂ ಕೈಕೆಳಗಿನವನ ಮೇಲೆ ಕೈ ಮಾಡಿದ ಅಧಿಕಾರಿಗೂ, ಜೆಸಿಓಗೂ, ಎನ್‌ಸಿಓಗೂ ಏಳು ವರ್ಷದವರೆಗೆ ಜೈಲು ಎನ್ನುತ್ತದೆ. ಇದನ್ನು ಓದಿ ಹೇಳಿದರೆ ಕಾಕಾ ನಗುತ್ತಾನೆ. ನಮ್ಮೂರ ಭರ್ತಿ ಅಕಾಡೆಮಿಗಳಲ್ಲಿ ಎಷ್ಟೋ ಕಡೆ ಕಲಿಸುವವರು ಮಾಜಿ ಹವಾಲ್ದಾರರೇ. ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ 1600 ಮೀಟರ್ ಓಡುವ ಹುಡುಗರ ಹಿಂದೆ ಬೈಕಿನಲ್ಲಿ ಕೋಲು ಹಿಡಿದು ಬರುವುದನ್ನು ನೀವೂ ನೋಡಿರುತ್ತೀರಿ. ತಾಯಿತಂದೆಯರೂ ಅದನ್ನೇ ಶಿಸ್ತು ಎಂದು ಫೀ ಕಟ್ಟುತ್ತಾರೆ. ಓಟಕ್ಕೆ ಅಂಕ ಇದೆ, ಬೀಮ್ ಎಳೆಯುವುದಕ್ಕೆ ಅಂಕ ಇದೆ, ಒಂಬತ್ತು ಅಡಿ ಹಳ್ಳ ಹಾರಬೇಕು. 'ತಪ್ಪಾಯ್ತು, ನಾನೇ ಮಾಡಿದ್ದು' ಎಂದು ಒಪ್ಪಿಕೊಳ್ಳುವುದಕ್ಕೆ ಭರ್ತಿಯಲ್ಲಿ ಅಂಕ ಇಲ್ಲ. ಇಡುವುದೂ ಸುಲಭವಲ್ಲ ಬಿಡಿ.

ಈಗ ಚಹಾದಂಗಡಿಯ ಪ್ರಶ್ನೆಗೆ ಬರೋಣ. ಹಿಂದಿನ ಪದ್ಧತಿಯಲ್ಲಿ ಸಿಪಾಯಿಗೆ ನೌಕರಿ ಖಾತ್ರಿ ಇತ್ತು, 15 ವರ್ಷ ಮಾಡಿದರೆ ಪಿಂಚಣಿ. ಹವಾಲ್ದಾರನ ಮೇಲೆ ಸಿಟ್ಟಿದ್ದರೂ ಅವನ ಹಂಗು ಅಷ್ಟಿರಲಿಲ್ಲ. ಬೈದರೆ ಬೈಸಿಕೊಂಡು, ಸಂಜೆ ಬ್ಯಾರಕ್ಕಿನಲ್ಲಿ ಅವನ ನಡಿಗೆ ಅಣಕಿಸಿ ನಕ್ಕು ಮಲಗುತ್ತಿದ್ದರು. ಈಗ ಒಂದು ಸೆಕ್ಷನ್ನಿನಲ್ಲಿ ನಾಲ್ಕು ಅಗ್ನಿವೀರರು ಇದ್ದಾರೆ ಎನ್ನಿ. ಸರಾಸರಿ ಹಿಡಿದರೆ ಅವರಲ್ಲಿ ಉಳಿಯುವುದು ಒಬ್ಬ. ಪಕ್ಕದ ಮಂಚದ ಗೆಳೆಯನೇ ಪೈಪೋಟಿಗಾರ. ಅಂಕ ಕೊಡುವ ಕ್ರಮ ಎಷ್ಟೇ ಪಾರದರ್ಶಕವಾಗಿರಲಿ, ಓಟ, ಗುರಿ, ಪರೀಕ್ಷೆಯನ್ನು ಅಳೆಯಬಹುದು. ನಡತೆ, ಒಗ್ಗಟ್ಟು, ಮುಂದಾಳುತನದ ಬಗ್ಗೆ ಹೇಳಬೇಕಾದವರು ಜೊತೆಗಿದ್ದವರೇ. ಹೀಗಾಗಿ ಹವಾಲ್ದಾರನ ಕೈಗೆ ಹಿಂದೆಂದೂ ಇಲ್ಲದ ಒಂದು ಶಕ್ತಿ ಸದ್ದಿಲ್ಲದೆ ಬಂದಿದೆ. ನನ್ನ ಮಟ್ಟಿಗೆ ಅಗ್ನಿಪಥದ ದೊಡ್ಡ ನೈತಿಕ ಪ್ರಶ್ನೆ ಸೇವಾನಿಧಿಯ ಮೊತ್ತವಲ್ಲ, ಇದು.

ಅದರ ಪರಿಣಾಮ ಎರಡು ಕಡೆ ಆಗಬಹುದು. ಹುಡುಗ ಹವಾಲ್ದಾರನ ಬೂಟಿಗೆ ಪಾಲಿಶ್ ಹಾಕಲು ಶುರು ಮಾಡುತ್ತಾನೆ; ಅದು ಕಣ್ಣಿಗೆ ಕಾಣುವ ಕೇಡು, ಒಳ್ಳೆಯ ಹವಾಲ್ದಾರ ಒಂದೇ ದಿನಕ್ಕೆ ನಿಲ್ಲಿಸುತ್ತಾನೆ. ಕಾಣದಿರುವುದು ಇನ್ನೊಂದು. ನಾಲ್ಕು ವರ್ಷ ಯಾವ ತಪ್ಪನ್ನೂ ಎತ್ತಿ ಹೇಳದೆ, ಯಾವ ದೂರೂ ಕೊಡದೆ, ಯಾರ ಕಣ್ಣಿಗೂ ಬೀಳದೆ ದಾಟಿಬಿಟ್ಟರೆ ಉಳಿಯುವ ಅವಕಾಶ ಹೆಚ್ಚು ಎಂದು ಹುಡುಗರು ಎಣಿಸಿದರೆ, ಉಳಿಯುವ ಕಾಲು ಪಾಲಿನಲ್ಲಿ ಬಾಯಿ ಮುಚ್ಚಿಕೊಂಡವರೇ ತುಂಬಿಕೊಳ್ಳುತ್ತಾರೆ. ಹತ್ತು ವರ್ಷದ ನಂತರ ಕಾನೂನುಬಾಹಿರ ಹುಕುಂ ಬಂದಾಗ "ಸಾಬ್, ಇದು ಆಗೂದಿಲ್ಲ" ಎನ್ನಬೇಕಾದವರು ಅವರೇ. ಹಾಗೆಂದು ಕಥೆ ಮುಗಿದೇಹೋಯಿತು ಎಂದೂ ನಾನು ಹೇಳುವುದಿಲ್ಲ. ಈ ಹುಡುಗರು ಹೆಚ್ಚು ಓದಿದವರು, ಕಾಯ್ದೆಯ ಕಲಂ ಮೊಬೈಲಿನಲ್ಲೇ ಹುಡುಕಬಲ್ಲವರು, "ಯಾಕೆ" ಎಂದು ಕೇಳುವ ಚಾಳಿ ಇರುವವರು. ಆ ಚಾಳಿಗೆ ಅಂಕ ಕಳೆಯುವ ಹವಾಲ್ದಾರ ಸಿಗುತ್ತಾನೋ ಕೂಡಿಸುವವನು ಸಿಗುತ್ತಾನೋ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಎನ್‌ಸಿಓಗಳ ಪ್ರಮೋಷನ್ ಕೇಡರ್‌ಗಳಲ್ಲಿ, ಅಂದರೆ ಬಡ್ತಿಯ ತರಬೇತಿಗಳಲ್ಲಿ, ನಕ್ಷೆ, ಆಯುಧ, ತಂತ್ರ ಕಲಿಸುತ್ತಾರೆ. ಕೈಕೆಳಗಿನ ಹುಡುಗನ ಬಗ್ಗೆ ನ್ಯಾಯವಾಗಿ ನಾಲ್ಕು ಸಾಲು ಹೇಳುವುದು ಹೇಗೆ ಎಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಲಿಸಬೇಕಾದ ಕಾಲ ಇದು.

ಸೆಕ್ಷನ್ ಹೇಗಿದೆ ಎಂದು ತಿಳಿಯಲು ಕಾಕಾನ ಬಳಿ ತನ್ನದೇ ಒಂದು ಪರೀಕ್ಷೆ ಇತ್ತು. ಹುಡುಗರು ತನ್ನ ಬಗ್ಗೆ ಗೊಣಗುವುದು ಕಿವಿಗೆ ಬೀಳುತ್ತಿರುವವರೆಗೆ ನಿಶ್ಚಿಂತೆ. ರೊಟ್ಟಿ ಸರಿಯಿಲ್ಲ, ಡ್ಯೂಟಿ ಜಾಸ್ತಿ, ಉಸ್ತಾದ ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ, ಹೀಗೆ. ಗೊಣಗಾಟ ಇದ್ದಕ್ಕಿದ್ದಂತೆ ನಿಂತರೆ ಆ ರಾತ್ರಿ ಅವನು ಬ್ಯಾರಕ್ಕಿಗೆ ಒಂದು ಸುತ್ತು ಹೆಚ್ಚು ಹಾಕುತ್ತಿದ್ದನಂತೆ.

ಚಹಾದ ದುಡ್ಡು ಕೊಟ್ಟು ಏಳುವಾಗ ಅವನು ಆ ರೈತರನ್ನು ಕೇಳಿದ: "ಹುಡುಗ ಫೋನ್ ಮಾಡ್ದಾಗ ಅವರ ಹವಾಲ್ದಾರನ ಬಗ್ಗೆ ಏನರ ಅಂತಾನೇನ್ರಿ?"

"ಮೊದಲ ಭಾಳ ಬೈತಿದ್ನ್ರಿ. ಈಗೊಂದು ವರ್ಷ ಆತು, ಏನೂ ಅನ್ನಂಗಿಲ್ಲ."

ಕಾಕಾ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ಮತ್ತೆ ಬಾಕಿನ ಮೇಲೆ ಕೂತ. ಇನ್ನೆರಡು ಚಹಾ ಹೇಳಿದ.